ರೇಡಿಯೋಗೆ ಕೊಟ್ಟ ಸೀಟು

ಕ್ಷಮಿಸುವುದು ದೊಡ್ಡ ಗುಣ ಎನ್ನುವವರು ಸಿಕ್ಕಾಗಲೆಲ್ಲ ನನಗೆ ಪುತ್ತೂರು ಬಸ್‌ಸ್ಟ್ಯಾಂಡಿನ ಆ ಏಜೆಂಟ್ ನೆನಪಾಗುತ್ತಾನೆ. ಅವನ ಮೇಲಿನ ಸಿಟ್ಟು ಈಗಲೂ ಹಾಗೆಯೇ ಇದೆ. ಅದನ್ನು ಕಳೆದುಕೊಳ್ಳುವ ಆಸೆಯೂ ನನಗಿಲ್ಲ.

ಐವತ್ತರ ದಶಕದ ಕೊನೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಅಪ್ಪನಿಗೆ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಇಲ್ಲಿ ಅಮ್ಮ ಮತ್ತು ನಾನು. ಒಂದು ಬದಿಗೆ ಬ್ಯಾರಿ ಭಾಷೆ ಮಾತಾಡುವ ಅಜ್ಜಿಯ ಮನೆ. ಓಣಿಗೆಲ್ಲ ನೀರು ಅವರ ಬಾವಿಯದ್ದು. ಇನ್ನೊಂದು ಬದಿಗೆ ಬ್ರೆಡ್ಡು ಸುಡುವ ಕೊಂಕಣಿ ಬಾಯಮ್ಮ. ಎದುರಿಗೆ ತುಳು ಮಾತಾಡುವ ಕ್ಷೌರದವನ ಅಂಗಡಿ, ಮೂಲೆಯಲ್ಲಿ ಮಲಯಾಳಿಯ ಚಾದಂಗಡಿ. ನಮ್ಮ ಮನೆಯೊಳಗೆ ಅರೆಭಾಷೆ. ಜಗಳ ಬಂದರೆ ಮಾತ್ರ ಎಲ್ಲರದೂ ತುಳು.

ಸುಳ್ಯದ ಕಡೆಯ ಮರ್ಕಂಜದಲ್ಲಿದ್ದ ನನ್ನ ಅಜ್ಜಿಗೆ ಸೀಕು ಜೋರಾದ ಸುದ್ದಿ ಬಂದದ್ದು ಇಳಿಹೊತ್ತಿಗೆ ಅಲ್ಲಿಂದ ಬಂದ ಬಸ್ಸಿನ ಡ್ರೈವರನ ಬಾಯಲ್ಲಿ. ಆಗ ಕಾಗದಕ್ಕಿಂತ ಬಸ್ಸೇ ಬೇಗ. "ಇವತ್ತೇ ಹೋಗಿ ಅಕ್ಕ, ಅಜ್ಜಿ ನಿಮ್ಮನ್ನೇ ಕೇಳ್ತಾ ಉಂಟಂತೆ. ಎಂತದೋ ಹೇಳ್ಲಿಕ್ಕುಂಟಂತೆ," ಎಂದ. ಅಮ್ಮ ಒಲೆಗೆ ನೀರು ಹೊಯ್ದು, ನನ್ನ ಕೈ ಹಿಡಿದು ಓಡಿದಳು. ಸಂಜೆಯ ಕೊನೆಯ ಬಸ್ಸಿನಲ್ಲಿ ಸೀಟೂ ಸಿಕ್ಕಿತು.

ಬಸ್ಸಿನ ಮಾಲೀಕರು ಬೇರೆಯೇ ಇದ್ದರು. ಆದರೆ ಸ್ಟ್ಯಾಂಡಿನಲ್ಲಿ ಏಜೆಂಟನೇ ಅರಸು. ಯಾರು ಹತ್ತಬೇಕು, ಎಲ್ಲಿ ಕೂರಬೇಕು ಎಂದು ಹೇಳುವವನು ಅವನು. ಹೊರಡುವ ಹೊತ್ತಿಗೆ ಒಬ್ಬ ಅಡಿಕೆ ಸಾಹುಕಾರರು ಬಂದು ಹತ್ತಿದರು. ಹಿಂದೆ ಆಳಿನ ತಲೆಯ ಮೇಲೆ ಬ್ಯಾಟರಿಯ ಹೊಸ ರೇಡಿಯೋ. ಬಸ್ಸಿನ ಮೇಲೆ ಹಾಕಿದರೆ ಅದು ಕುಲುಕಿ ಹಾಳಾದೀತು. ಏಜೆಂಟ್ ಒಳಗೆಲ್ಲ ಕಣ್ಣಾಡಿಸಿದ. ಜೊತೆಗೆ ಗಂಡಸಿಲ್ಲದೆ ಕೂತವಳು ಅಮ್ಮ ಒಬ್ಬಳೇ.

"ಅಕ್ಕ, ನೀವು ಇಳೀರಿ. ನಾಳೆ ಬೆಳಿಗ್ಗೆ ಹೋದ್ರಾಯ್ತು."

"ನನ್ನ ಅಮ್ಮನಿಗೆ ಜೋರುಂಟು. ನಾನು ನಿಂತುಕೊಂಡಾದ್ರೂ ಹೋಗ್ತೇನೆ."

"ನಿಂತ್ರೆ ಪೊಲೀಸರು ಹಿಡೀತಾರೆ. ಸುಮ್ಮನೆ ತಡ ಮಾಡ್ಬೇಡಿ ಮಾರಾಯ್ರೆ."

ಸಾಹುಕಾರರು ಕಿಟಕಿಯ ಹೊರಗೆ ನೋಡಿದರು. ಉಳಿದವರು ತಲೆ ತಗ್ಗಿಸಿದರು. ನಾವು ಇಳಿದೆವು. ಅಮ್ಮ ಕೂತಿದ್ದಲ್ಲಿ ರೇಡಿಯೋ ಕೂತಿತು. ಅದು ಅಲ್ಲಾಡದ ಹಾಗೆ ಏಜೆಂಟ್ ತನ್ನ ಹೆಗಲ ಮೇಲಿನ ಬೈರಾಸನ್ನು ಮಡಚಿ ಒತ್ತು ಕೊಟ್ಟ.

ಅಜ್ಜಿ ಆ ರಾತ್ರಿಯೇ ತೀರಿಕೊಂಡರು. ಮರುದಿನ ನಾವು ತಲುಪುವಾಗ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು.

ಕ್ರಿಯೆ ಮುಗಿಸಿ ಪುತ್ತೂರಿಗೆ ಬಂದ ಮೇಲೆ ಅಮ್ಮ ಆ ವಿಷಯ ಎತ್ತಲಿಲ್ಲ. ಎತ್ತಿದವಳು ನಾನು. ಮನೆಮನೆಗೆ ಹೋಗಿ, ಬೈರಾಸು ಮಡಚಿದ್ದನ್ನೂ ಬಿಡದೆ ವರ್ಣಿಸಿದೆ. ಬ್ಯಾರಿ ಅಜ್ಜಿ ಎಲ್ಲ ಕೇಳಿ, ಎಲೆಯಡಿಕೆ ಉಗಿದು, "ಆಯ್ತು ಮಗಾ, ನೋಡುವ," ಎಂದರು.

ಏಜೆಂಟನಿಗೆ ಮನೆ ದೂರ. ಚಾ, ತಿಂಡಿ, ಸ್ನಾನ ಎಲ್ಲ ನಮ್ಮ ಓಣಿಯಲ್ಲೇ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಒಂದು ಬಸ್ಸು ಹೊರಟಿರುತ್ತಿತ್ತು. ಮರುದಿನ ಅವನು ಚಾದಂಗಡಿಗೆ ಬಂದಾಗ ಬೆಂಚೆಲ್ಲ ಖಾಲಿ.

"ಸೀಟಿಲ್ಲ," ಎಂದ ಮಲಯಾಳಿ.

"ಮತ್ತೆ ಇದೆಂತ?"

"ಅದು ರೇಡಿಯೋಗೆ."

ಕ್ಷೌರದವನು ಖಾಲಿ ಕುರ್ಚಿ ಒರೆಸುತ್ತಲೇ "ಸೀಟ್ ಇಜ್ಜಿ" ಎಂದ. ಬಾಯಮ್ಮ ಬ್ರೆಡ್ಡಿನ ಬುಟ್ಟಿಗೆ ಬಟ್ಟೆ ಮುಚ್ಚಿ, ಇಲ್ಲ ಎಂಬುದನ್ನು ಕೊಂಕಣಿಯಲ್ಲಿ "ನಾ" ಎಂದರು. ಬ್ಯಾರಿ ಅಜ್ಜಿ ಬಾವಿಯ ಹಗ್ಗವನ್ನೇ ಒಳಗೆ ಕೊಂಡುಹೋದರು. ಉಪ್ಪು ತಿಂದವನು ನೀರು ಕುಡಿಯಬೇಕಂತೆ; ಇವನಿಗೆ ಆ ನೀರೂ ಸಿಗದ ಹಾಗೆ ಮಾಡಿದ್ದೆವು. ಗಡ್ಡ ಬಿಟ್ಟುಕೊಂಡು, ಕೊಳೆ ಅಂಗಿಯಲ್ಲಿ ಅವನು "ಸುಳ್ಯ, ಸುಳ್ಯ" ಎಂದು ಕೂಗುವುದನ್ನು ನೋಡಲೆಂದೇ ನಾನು ದಿನಾ ಸುತ್ತುದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದೆ. ಹಬ್ಬದ ಪಾಯಸವೂ ನನಗೆ ಅಷ್ಟು ರುಚಿಸಿದ್ದಿಲ್ಲ.

ಮಳೆಗಾಲ ಹಿಡಿಯುವ ಮೊದಲು ಒಂದು ಸಂಜೆ ಅವನು ನಮ್ಮ ಜಗಲಿಗೆ ಬಂದ. ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು.

"ತಪ್ಪಾಯ್ತು ಅಕ್ಕ. ನೀವೊಂದು ಮಾತು ಹೇಳಿದ್ರೆ ಇವರೆಲ್ಲ ಬಿಡ್ತಾರೆ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಎಲ್ಲಿ ಕ್ಷಮಿಸಿಬಿಡುತ್ತಾಳೋ ಎಂದು ನನಗೆ ಹೆದರಿಕೆ.

"ನನ್ನ ಅಮ್ಮ ನನ್ನನ್ನು ಕರೆದದ್ದು ಎಂತ ಹೇಳ್ಲಿಕ್ಕೆ ಅಂತ ನಿಮಗೆ ಗೊತ್ತುಂಟಾ?"

"ಇಲ್ಲ ಅಕ್ಕ."

"ನನಗೂ ಗೊತ್ತಿಲ್ಲ."

ಅಮ್ಮ ಒಳಗೆ ಬಂದು ಬಾಗಿಲು ಹಾಕಿದಳು.