ಸ್ವಿಚ್ಚಿಲ್ಲದ ಸಾಕೆಟ್ಟು

ಇದನ್ನು ಬರೆಯಬೇಕೆಂದು ಮೂರು ಸಲ ನೋಟ್‌ಬುಕ್ ತೆಗೆದಿದ್ದೇನೆ. ಮೂರು ಸಲವೂ ಬೇರೇನನ್ನೋ ಬರೆದು ಮುಚ್ಚಿಟ್ಟೆ. ಒಮ್ಮೆ ಜಗಳೂರಿನ ಹೈಸ್ಕೂಲು, ಒಮ್ಮೆ ನಮ್ಮೂರು ಸೊಕ್ಕೆಯ ಹೊಲದಲ್ಲಿ ಅಪ್ಪ ತೊಗರಿ ಬಿತ್ತುತ್ತಿದ್ದದ್ದು. ಬರೆಯಬೇಕಾದದ್ದು ಚನ್ನಗಿರಿಯ ನನ್ನ ಅಂಗಡಿಯಲ್ಲಿ ನಡೆದದ್ದು.

ಎಸ್ಸೆಸ್ಸೆಲ್ಸಿ ಮುಗಿಸಿ ವೈರಿಂಗ್ ಕಲಿತವನು ನಾನು. ಚನ್ನಗಿರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಕೆರೆಬಿಳಚಿ ಕಡೆಯ ಒಬ್ಬ ಹೆಣ್ಣುಮಗಳು ಬಲ್ಬು, ವೈರು ಎಂದು ಬರುತ್ತಿದ್ದಳು. ಅವರದು ಗಿಡಮೂಲಿಕೆ ಎಣ್ಣೆ ಕಾಯಿಸಿ ಮಾರುವ ಮನೆ. ಮೊದಲು ಊರೂರು ತಿರುಗುತ್ತಿದ್ದವರು ಈಗ ವಿಮಾನ ಹತ್ತಿ ಆಫ್ರಿಕಾಕ್ಕೇ ಹೋಗುತ್ತಾರೆ. ನೋವಿದ್ದವರ ಮಂಡಿಗೆ, ಸೊಂಟಕ್ಕೆ ಎಣ್ಣೆ ತಿಕ್ಕುವುದು ಅವಳ ಕೆಲಸ. ಅವಳ ಬಲಗೈಯಿಂದ ಆ ಮನೆ ನಡೆಯುತ್ತಿತ್ತು.

ಅವಳು ಮೊದಲ ಸಲ ಆಫ್ರಿಕಾಕ್ಕೆ ಹೊರಡುವ ಮುಂಚಿನ ದಿನ, ಎಣ್ಣೆ ಬಿಸಿ ಮಾಡಲು ಕರೆಂಟ್ ಒಲೆ ಬೇಕೆಂದು ಬಂದಳು.

“ಅಲ್ಲಿ ತೂತು ಬೇರೆ ಥರ ಐತಂತೆ ಯಜಮಾನ್ರೆ,” ಎಂದು ಫೋನಿನಲ್ಲಿ ಫೋಟೋ ತೋರಿಸಿದಳು. ಗೋಡೆಯಲ್ಲೊಂದು ಬಿಳಿ ಸಾಕೆಟ್ಟು. ನಮ್ಮವುಗಳಂತೆ ದುಂಡು ತೂತಲ್ಲ, ಮೂರೂ ಚಪ್ಪಟೆ. ಅಂಥದ್ದನ್ನು ನಾನು ಕೈಯಲ್ಲಿ ಮುಟ್ಟಿದವನೇ ಅಲ್ಲ. ದಾವಣಗೆರೆಯಲ್ಲಿ ಅಡಾಪ್ಟರ್ ಕೇಳಿನೋಡು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು.

“ಕರೆಂಟ್ ಎಲ್ಲಾ ಕಡೆ ಒಂದೇ ಕಣಮ್ಮ. ಪ್ಲಗ್ ಕೂರದಿದ್ರೆ ಕತ್ತರಿಸಿ ಬಿಸಾಕು. ವೈರ್ ಸುಲಿದು ತೂತಿಗೆ ಹಾಕು, ಬೀಳ್ದಂಗೆ ಬೆಂಕಿಕಡ್ಡಿ ಸಿಕ್ಸು. ಗಣಪತಿ ಪೆಂಡಾಲಿಗೆ ನಾವು ಹಂಗೇ ಅಲ್ವಾ ಕರೆಂಟ್ ಕೊಡಾದು?”

“ಏನೂ ಆಗಲ್ಲ ತಾನೆ?”

“ಆಗಂಗಿದ್ರೆ ಇಷ್ಟೊತ್ತಿಗೆ ನನ್ನ ಫೋಟೋಕ್ಕೆ ಹಾರ ಬಿದ್ದಿರ್ತಿತ್ತು.”

ಗಿರಾಕಿಗಳು ನಕ್ಕರು. ಅವಳೂ ನಕ್ಕು, ಒಲೆ ಕಟ್ಟಿಸಿಕೊಂಡು ಹೋದಳು.

ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಅವಳ ವಿಡಿಯೋ ಕಾಲ್ ಬಂತು.

“ವೈರ್ ಒಳಗೇ ಹೋಗ್ತಿಲ್ಲ ಯಜಮಾನ್ರೆ. ಏನೋ ಅಡ್ಡ ಐತೆ.”

ಮಕ್ಕಳು ಬೆರಳು, ಕಡ್ಡಿ ತೂರಿಸದಿರಲೆಂದು ಒಳಗಿಡುವ ಬಾಗಿಲು ಅದು. ಮೇಲಿನ ತೂತಿಗೆ ಪಿನ್ ಹೋದರೆ ಮಾತ್ರ ಕೆಳಗಿನೆರಡು ತೆರೆಯುತ್ತವೆ. ಅಂಥ ಬಾಗಿಲು ನಮ್ಮ ಸಾಕೆಟ್ಟುಗಳಲ್ಲೂ ಬಂದಿದ್ದರಿಂದ ಉಪಾಯ ಗೊತ್ತಿತ್ತು. ಫೋನನ್ನು ಸ್ಪೀಕರಿಗೆ ಹಾಕಿದೆ. ಚನ್ನಗಿರಿಯಲ್ಲಿ ಕೂತು ಆಫ್ರಿಕಾದ ಕರೆಂಟ್ ಸರಿಮಾಡುತ್ತಾನೆ ಎಂದು ಅಂಗಡಿ ಮುಂದಿದ್ದವರಿಗೆಲ್ಲ ಕೇಳಲಿ ಅಂತ.

“ಮೇಲಿನ ತೂತಿಗೆ ಒಣಕಡ್ಡಿ ತುರುಕು. ಮೊದ್ಲು ಸ್ವಿಚ್ ಆಫ್ ಮಾಡ್ಕೋ.”

“ಸ್ವಿಚ್ಚೇ ಇಲ್ಲ.”

“ಸ್ವಿಚ್ ಇಲ್ದಿರಾ ಸಾಕೆಟ್ ಎಲ್ಲಾದ್ರೂ ಇರ್ತೈತೇನಮ್ಮ? ಗೋಡೇಲಿ ಹುಡುಕು.”

ನಾನು ಜೀವಮಾನದಲ್ಲಿ ಕೂರಿಸಿದ ಬೋರ್ಡುಗಳಲ್ಲಿ ಸಾಕೆಟ್ಟಿನ ಪಕ್ಕ ಸ್ವಿಚ್ಚಿಲ್ಲದ್ದು ಒಂದೂ ಇರಲಿಲ್ಲ. ಹಾಗಿಲ್ಲದ ಊರು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

“ಬಾಗಿಲ ಹತ್ರ ಒಂದೈತೆ,” ಎಂದು ಒತ್ತಿದಳು. “ಲೈಟ್ ಆರ್ತು.”

“ಅದೇ ಮತ್ತೆ. ಲೈಟ್ ಆರಿದ್ಮೇಲೆ ಕರೆಂಟ್ ಎಲ್ಲಿರ್ತೈತೆ? ಈಗ ಕಡ್ಡಿ ತುರುಕಿ ವೈರ್ ಸಿಕ್ಸು.”

ಚಟ್ಟೆಂದು ಬೆಳಕು ಹಾರಿತು. ಅವಳು ಕಿರುಚಿದಳು. ಫೋನ್ ಬಿದ್ದು ಪರದೆಯಲ್ಲಿ ಬರೀ ಸೂರು ಕಾಣುತ್ತಿತ್ತು. ಯಾರೋ ಓಡಿಬಂದರು, ನನಗರ್ಥವಾಗದ ಭಾಷೆಯಲ್ಲಿ ಕೂಗಿದರು. ನಾನು ಕಾಲ್ ಕಟ್ ಮಾಡಿದೆ. “ನೆಟ್‌ವರ್ಕ್ ಹೋಯ್ತು,” ಎಂದೆ.

ಅವಳು ಆರಿಸಿದ್ದು ಲೈಟಿನ ಸ್ವಿಚ್ಚು ಮಾತ್ರ, ಸಾಕೆಟ್ಟಿನಲ್ಲಿ ಕರೆಂಟ್ ಹಾಗೇ ಇತ್ತು. ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಅದೇ ನಂಬರಿನಿಂದ ಎರಡು ಸಲ ಕಾಲ್ ಬಂತು, ಎತ್ತಲಿಲ್ಲ. ಎತ್ತಿದರೆ ಆ ಕಡೆ ಅವಳ ದನಿ ಇರದಿದ್ದರೆ? ಕೆರೆಬಿಳಚಿ ಬಸ್ಸು ಬಂದಾಗಲೆಲ್ಲ ಇಳಿಯುವವರ ಮುಖ ನೋಡುತ್ತಿದ್ದೆ. ಅಳುಮುಖದವರು ಕಂಡರೆ ಒಳಗೆ ಹೋಗಿ ಗೋದಾಮಿನಲ್ಲಿ ನಿಲ್ಲುತ್ತಿದ್ದೆ. ಊಟ ಅರ್ಧಕ್ಕೇ ಬಿಟ್ಟೇಳುತ್ತಿದ್ದೆ, ಹೆಂಡತಿ ಏನಾಗೈತೆ ಎಂದರೆ ಅಸಿಡಿಟಿ ಎನ್ನುತ್ತಿದ್ದೆ.

ನಾಲ್ಕು ತಿಂಗಳಿಗೆ ಅವಳೇ ಬಂದಳು, ಗಂಡನ ಜೊತೆ. ಜೀವ ಇತ್ತಲ್ಲ ಎಂದು ಎದ್ದು ನಿಂತೆ. ಅವಳ ಬಲಗೈಯ ಎರಡು ಬೆರಳು ಒಳಕ್ಕೆ ಮುದುಡಿ ಹಾಗೇ ನಿಂತಿದ್ದವು. ಸುಟ್ಟ ಚರ್ಮ ಹೊಳೆಯುತ್ತಿತ್ತು.

“ಹಿಂಗಾತು ನೋಡ್ರಿ,” ಎಂದ ಗಂಡ. ಜಗಳಕ್ಕೆ ಬಂದವನಲ್ಲ. “ತಿಕ್ಕಾಕೆ ಬರಲ್ಲ ಈ ಕೈಲಿ. ನೀವು ಹೇಳಿದಂಗೇ ಮಾಡಿದ್ಲಂತೆ.”

ಅಂಗಡಿ ತುಂಬ ಜನ, ಅವತ್ತು ಸ್ಪೀಕರಿನಲ್ಲಿ ಕೇಳಿದವರೂ ಇದ್ದರು. ನಾನೆಂದೆ: “ಸ್ವಿಚ್ ಆಫ್ ಮಾಡು ಅಂದಿದ್ದೆ ಕಣಪ್ಪ, ಇವರೆಲ್ಲ ಕೇಳಿದಾರೆ. ಹೇಳಿದ್ದು ಕೇಳದಿದ್ರೆ ನಾನೇನು ಮಾಡಾಕಾಗ್ತೈತೆ?”

ಹೌದೆಂದರು ಜನ. ಕರೆಂಟಿನ ಜೊತೆ ಆಟ ಆಡಬಾರದು ಎಂದು ಒಬ್ಬ ಅವಳಿಗೇ ಬುದ್ಧಿ ಹೇಳಿದ.

ಅವಳು ನನ್ನನ್ನೇ ನೋಡಿ, “ಲೈಟ್ ಆರಿತ್ತು ಯಜಮಾನ್ರೆ,” ಎಂದಳು. ಅಷ್ಟೇ. ನಾನು ಬಲ್ಬು ಹುಡುಕುವವನಂತೆ ಕಪಾಟಿನ ಕಡೆ ತಿರುಗಿದೆ. ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಮೆಟ್ಟಿಲಿಳಿದಿದ್ದರು.

ಈಗ ಅಂಗಡಿ ಇಲ್ಲ. ನ್ಯಾಮತಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಹೋದ ವರ್ಷ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ಬಾಟಲಿಯನ್ನು ಕಂಕುಳಲ್ಲಿ ಅಮುಕಿಕೊಂಡು ಎಡಗೈಯಲ್ಲಿ ಮುಚ್ಚಳ ತಿರುಗಿಸುತ್ತಿದ್ದಳು. ಬಲಗೈ ಸೆರಗಿನೊಳಗಿತ್ತು. ನನ್ನ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಇಳಿದು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಟವೆಲನ್ನು ಮುಖಕ್ಕೆ ಎಳೆದುಕೊಂಡು ಕೂತೆ, ಡ್ರೈವರ್ ಯಾವಾಗ ಬಂದಾನೆಂದು.

ಮೊನ್ನೆ ಗೋವಿನಕೋವಿಯ ಪರಿಚಯದವರೊಬ್ಬರು ಯಾವುದೋ ದೇಶದ ಹೆಸರು ಹೇಳಿ, ಈ ಚಾರ್ಜರ್ ಅಲ್ಲಿ ಕೂರ್ತೈತಾ ಎಂದು ಕೇಳಿದರು. “ನಂಗೊತ್ತಿಲ್ರಿ, ಗೊತ್ತಿದ್ದೋರನ್ನ ಕೇಳ್ರಿ,” ಎಂದೆ. ಆಗಲಿ ಎಂದು ಅವರು ಹೋದರು. ಯಾರೂ ನಗಲಿಲ್ಲ.

ಒಳಗೆ ಬಂದು ನೋಟ್‌ಬುಕ್ ತೆಗೆದೆ. ತಪ್ಪಾಯ್ತು ಎಂಬ ಮಾತನ್ನು ನಾನು ಹೇಳದೆ ಉಳಿಸಿಕೊಂಡಿರುವುದು ಅವಳಿಗೆ: ಲೈಟ್ ಆರಿಸಿ, ನನ್ನ ಮಾತು ನಂಬಿ, ಬಲಗೈ ಚಾಚಿದ ಕೆರೆಬಿಳಚಿ ಕಡೆಯ ಆ ಎಣ್ಣೆಯ ಹೆಣ್ಣುಮಗಳಿಗೆ.