ರಾಗಿ ನೊಣ, ರವೆ ನೊಣ

ಕರೆಂಟು ಹೋಗಬಹುದಿತ್ತು. ಇರುವೆ ಸಾಲು ನನ್ನ ನೊಣದ ಸೀಸೆಗಳ ವಿಳಾಸ ಪತ್ತೆ ಮಾಡಿಕೊಂಡು ಬರಬಹುದಿತ್ತು. ಮೇವಿನ ಮೇಲೆ ಬೂಷ್ಟು ಕಟ್ಟಬಹುದಿತ್ತು. ಸೀಸೆಯ ಬಾಯಿಗೆ ತುರುಕಿದ ಹತ್ತಿ ಸಡಿಲಾಗಿ ಎಡಗಡೆ ಬೀರುವಿನ ನೊಣಗಳು ಬಲಗಡೆ ಬೀರುವಿಗೆ ನೆಂಟರಂತೆ ಹೋಗಿಬಿಡಬಹುದಿತ್ತು. ಬೇಸಿಗೆಯಲ್ಲಿ ನಮ್ಮ ರಾಮನಗರದ ಬಂಡೆಗಳು ಕಾದು ಇಡೀ ವಂಶ ಒಂದೇ ಮಧ್ಯಾಹ್ನಕ್ಕೆ ನಿರ್ನಾಮವಾಗಬಹುದಿತ್ತು. ಮತ್ತು ಬರಿಸುವ ಈಥರ್ ಹೆಚ್ಚಾಗಿ ನೊಣಗಳ ಬದಲು ನಾನೇ ಮಲಗಿಬಿಡಬಹುದಿತ್ತು. ಬೇರೆಯವರು ಸಹಸ್ರನಾಮ ಓದುವ ಹಾಗೆ ಆರು ವರ್ಷ ಈ ಪಟ್ಟಿಯನ್ನು ದಿನಕ್ಕೊಮ್ಮೆ ಮನಸ್ಸಿನಲ್ಲೇ ಪಾರಾಯಣ ಮಾಡಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ.

ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಓರಗೆಯವರೆಲ್ಲ ಏನಾದರೊಂದು ಕಟ್ಟಿಸುತ್ತಿದ್ದರು. ಪ್ರಾಣಿಶಾಸ್ತ್ರದ ಮೇಷ್ಟ್ರಾದ ನಾನು ನಡುವಯಸ್ಸು ದಾಟುವಾಗ ಹೊಸದೊಂದು ಜೀವಜಾತಿಯನ್ನೇ ಕಟ್ಟಲು ಹೊರಟಿದ್ದೆ. ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನ ಗಾಡಿಯ ಮೇಲೆ ಸುಳಿಯುವ ಹಣ್ಣುನೊಣಗಳನ್ನು ಹಿಡಿದು ಎರಡು ಪಾಲು ಮಾಡಿದೆ. ಒಂದಕ್ಕೆ ರಾಗಿ ಅಂಬಲಿ, ಇನ್ನೊಂದಕ್ಕೆ ರವೆ-ಬೆಲ್ಲ. ಕೊನೆಗೊಂದು ದಿನ ಒಟ್ಟಿಗೆ ಬಿಟ್ಟಾಗ ರಾಗಿಯವು ರವೆಯವನ್ನು ಕಂಡು ಮುಖ ತಿರುಗಿಸಿದರೆ ನನ್ನ ಪಿಎಚ್.ಡಿ. ಗಟ್ಟಿ. ತಿರುಗಿಸದಿದ್ದರೆ ನನ್ನ ಬಳಿ ಇರುವುದು ಎರಡು ಬೀರು ನೊಣ.

"ನಮ್ಮನೆ ಹಬ್ಬಕ್ಕೂ ಇಷ್ಟೊಂದ್ ಕೇಸರಿಭಾತು ಆಗಿಲ್ಲ ಕಣ್ರೀ" ಎಂದು ನನ್ನ ಹೆಂಡತಿ ಪಾತ್ರೆ ತಿಕ್ಕುತ್ತ ಹೇಳುತ್ತಿದ್ದಳು.

ಜಾತಿಯೊಂದು ಎರಡಾಗಲು ಜಗಳವೇನೂ ಬೇಕಿಲ್ಲ. ನಡುವೆ ಒಂದು ಹೊಳೆಯೋ ಬೆಟ್ಟವೋ ಇದ್ದು, ಬಹಳ ಕಾಲ ಭೇಟಿಯಾಗದಿದ್ದರೆ ಸಾಕು. ಹನ್ನೆರಡು ದಿನಕ್ಕೊಂದು ತಲೆಮಾರು ಕಾಣುವ ನೊಣಕ್ಕೆ ಆರು ವರ್ಷವೆಂದರೆ, ಮಾಗಡಿ ಕೋಟೆ ಕಟ್ಟಿದವರಿಂದ ನಮ್ಮವರೆಗೆ ಕಳೆದದ್ದಕ್ಕಿಂತ ಹೆಚ್ಚು ತಲೆಮಾರು. ಗಂಡು ನೊಣ ಒಂದು ರೆಕ್ಕೆ ಚಾಚಿ, ಮಿಡಿದು, ಹಾಡುತ್ತದೆ. ಹಾಡು ಪರವೂರಿನದು ಅನ್ನಿಸಿದರೆ ಹೆಣ್ಣು ಒದ್ದು ಹೊರಟುಹೋಗುತ್ತದೆ. ಹೆಣ್ಣು ನೋಡಲು ಕೋಡಿಹಳ್ಳಿಗೆ ಹೋದ ದಿನ ನಾನೂ ಹೀಗೇ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಗುತ್ತ ಕೂತಿದ್ದೆ. ರೆಕ್ಕೆ ಇರಲಿಲ್ಲ, ಅಷ್ಟೆ.

ಪರೀಕ್ಷೆಯ ದಿನ ಹತ್ತಿರವಾಯಿತು. ತಮ್ಮತಮ್ಮಲ್ಲೇ ಕೂಡುವ ಮುಂಚೆ, ಹುಟ್ಟಿದ ಎಂಟು ಗಂಟೆಯೊಳಗೆ ಗಂಡು ಹೆಣ್ಣು ಬೇರ್ಪಡಿಸಬೇಕು. ನನ್ನ ಕಣ್ಣಿಗೋ ಚಾಳೀಸು. ಅಕ್ಕೂರಿನ ಗೌರಮ್ಮನನ್ನು ಕರೆತಂದೆ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಮೂವತ್ತು ವರ್ಷ ಗೂಡಿನ ಹುಳುಗಳ ಗಂಡು ಹೆಣ್ಣು ಆರಿಸಿ, ಊರ ತಳಿಯ ಹೆಣ್ಣು ಚಿಟ್ಟೆಗೆ ಹೊರ ತಳಿಯ ಗಂಡನ್ನು ಜೋಡಿ ಮಾಡಿ ನಿವೃತ್ತಿಯಾದವರು.

"ಕಣ್ಗೇ ಬೀಳಾಕಿಲ್ಲ, ಇವಕ್ಕೂ ಗಂಡು ಹೆಣ್ಣು ಅಂತ ಐತಾ ಸಾ?"

"ಬಾಲದ ತುದಿ ಕಪ್ಪಗಿದ್ದರೆ ಗಂಡು, ಗೌರಮ್ಮ."

"ಮೀಸೆನ ಅತ್ತಾಗ್ ಬುಟ್ಟವೆ ಅನ್ನಿ."

ಒಂದೂ ತಪ್ಪದೆ ಆರಿಸಿದರು. ಮೂರನೆಯ ದಿನ ನಾಲ್ಕು ಸೀಸೆಗಳು ಮೇಜಿನ ಮೇಲಿದ್ದವು: ರಾಗಿಯ ಹೆಣ್ಣು, ರಾಗಿಯ ಗಂಡು, ರವೆಯ ಹೆಣ್ಣು, ರವೆಯ ಗಂಡು. ಎಲ್ಲವನ್ನೂ ಒಂದೇ ಗಾಜಿನ ಪೆಟ್ಟಿಗೆಗೆ ಬಿಟ್ಟು ಯಾವುದು ಯಾವುದನ್ನು ಒಪ್ಪುತ್ತದೆಂದು ನೋಡುವುದು ಪ್ರಯೋಗ. "ಕ್ಲಾಸ್ ಮುಗಿಸಿ ಬರುತ್ತೇನೆ, ನೋಡಿಕೊಂಡಿರಿ" ಎಂದು ಹೋದೆ. ಬಂದಾಗ ಮೇಜಿನ ಮೇಲೆ ಎರಡೇ ಸೀಸೆ ತುಂಬಿದ್ದವು.

"ನೀವು ಬರಾದು ತಡ ಆಯ್ತಲ್ಲ ಸಾ, ನಾನೇ ಸೇರಿಸ್ಬುಟ್ಟೆ. ರಾಗಿ ಹೆಣ್ಗೆ ರವೆ ಗಂಡು, ರವೆ ಹೆಣ್ಗೆ ರಾಗಿ ಗಂಡು."

"ಅಯ್ಯೋ, ಅವೇ ಆರಿಸಿಕೊಳ್ಳಬೇಕಿತ್ತಲ್ಲ ಗೌರಮ್ಮ!"

"ಹುಳ್ದ ಕೈಗೆ ಯಾರಾದ್ರೂ ಆರ್ಸಕ್ಕೆ ಕೊಟ್ಟಾರಾ? ತನ್ ತಳಿಗೆ ತನ್ ತಳೀನೇ ಹಾಕುದ್ರೆ ಗೂಡು ಗಟ್ಟಿ ಬತ್ತದಾ, ನೀವೇ ಹೇಳಿ."

ಖಾಲಿಯಾದ ಎರಡು ಸೀಸೆಗಳನ್ನು ಪಕ್ಕಕ್ಕೆ ಸರಿಸಿದೆ. ಆದರೂ ಒಂದು ಆಸೆ ಉಳಿದಿತ್ತು. ಬೇರೆ ಗತಿಯಿಲ್ಲದೆಯೂ ಅವು ಮುಖ ಕೊಡದೆ ಕೂತಿದ್ದರೆ ನನ್ನ ಪುರಾವೆ ಇನ್ನೂ ಬಲವಾಗುತ್ತಿತ್ತು.

"ಸೇರುವುದಕ್ಕೆ ಬಹಳ ಹೊತ್ತು ಹಿಡಿಯಿತೇ?"

"ಒಸಿನೂ ಇಲ್ಲ ಸಾ. ಹತ್ತಿ ಮುಚ್ಚಕ್ಕೂ ಬುಡ್ನಿಲ್ಲ."

ಭೂತಗನ್ನಡಿ ಹಿಡಿದು ಬಗ್ಗಿ ನೋಡಿದೆ. ನನ್ನ ಪಟ್ಟಿಯಲ್ಲಿದ್ದದ್ದು ಒಂದೂ ಆಗಿರಲಿಲ್ಲ. ಆರು ವರ್ಷದಲ್ಲಿ ಕೆಟ್ಟದ್ದು ಇಷ್ಟೇ: ಅವಕ್ಕೆ ಒಂದನ್ನೊಂದು ಕಂಡರೆ ಇಷ್ಟವಾಗಿತ್ತು.