ಅಪ್ಪನ ಮೀಸೆಯೂ ಫೈಲಿನ ಮೊದಲ ಸಾಲೂ

ನಮ್ಮ ಕಡೆ ತೋಟದವರು ಎದುರಾದರೆ ಮೊದಲು ವಿಚಾರಿಸುವುದು ಆರೋಗ್ಯವನ್ನಲ್ಲ, ಮಳೆಯನ್ನು. "ನಿಮ್ಮಲ್ಲಿ ಎಷ್ಟಾಯ್ತು?" ಎಂದರೆ ಎಷ್ಟು ಇಂಚು ಅಂತಲೇ. ನಾನು ಹುಟ್ಟಿದ ವರ್ಷದಿಂದ ಅಪ್ಪ ದಿನಾ ಮಳೆ ಅಳೆದು ಬರೆದಿಟ್ಟ ಪುಸ್ತಕವೊಂದಿತ್ತು. "ಇವಳು ಹುಟ್ಟಿದ ವರ್ಷದಂಥ ಮಳೆ ಆಮೇಲೆ ಬರಲೇ ಇಲ್ಲ" ಎಂಬುದು ಅವರ ಹೆಮ್ಮೆ. ಎದುರು ಗುಡ್ಡದ ತೋಟದ ಮಾವ, ಅಪ್ಪನ ಬಾಲ್ಯದ ಗೆಳೆಯ, ಒಪ್ಪುತ್ತಿರಲಿಲ್ಲ.

"ಬಿಡು ಮಾರಾಯ, ಅದಾಗಿ ಎರಡು ವರ್ಷಕ್ಕೆ ಬಂದಿದ್ದೇ ಹೆಚ್ಚು."

ಕೂಡಿಸಿ ನೋಡುವ ತಾಳ್ಮೆ ಮಾತ್ರ ಇಬ್ಬರಿಗೂ ಇರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ನನಗೆ ಆಗ ತಲೆ ನಿಲ್ಲುತ್ತಿರಲಿಲ್ಲ. "ನಾನೇ ಒಂದು ಆ್ಯಪ್ ಮಾಡಿ, ಎಲ್ಲ ಕೂಡಿಸಿ ಮೊಬೈಲಲ್ಲೇ ತೋರಿಸ್ತೀನಿ" ಎಂದೆ. ಅಪ್ಪ ಹುರಿಮೀಸೆ ತಿರುವಿ, "ಆ ವರ್ಷ ಮೊದಲು ಬರದಿದ್ರೆ ಇದನ್ನ ಬೋಳಿಸ್ತೀನಿ" ಎಂದುಬಿಟ್ಟರು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು" ಎಂದು ಅಮ್ಮ ಗೊಣಗಿದರು.

ರಜೆಯಿಡೀ ಕೂತು ಪುಸ್ತಕವನ್ನು ಕಂಪ್ಯೂಟರಿನ ಫೈಲಿಗೆ ಏರಿಸಿದೆ, ವರ್ಷಕ್ಕೊಂದು ಉದ್ದನೆಯ ಸಾಲು. ಎಲ್ಲಕ್ಕೂ ಮೇಲೆ 'ಶ್ರೀ'. ನಮ್ಮ ಮನೆಯಲ್ಲಿ ಶ್ರೀ ಇಲ್ಲದೆ ಸಾಮಾನಿನ ಚೀಟಿಯೂ ಶುರುವಾಗುವುದಿಲ್ಲ. ಆದರೆ ಶ್ರೀ ಎಂದರೆ ಎಷ್ಟು ಇಂಚು ಎಂದು ತಿಳಿಯದೆ ಆ್ಯಪ್ ನಿಂತೇಹೋಯಿತು. ಮೊದಲ ಸಾಲು ಬಿಟ್ಟು ಎರಡನೆಯದರಿಂದ ಓದು ಎಂದು ಅದಕ್ಕೆ ಬುದ್ಧಿ ಹೇಳಿದೆ. ಸುಳ್ಳು ಅಂಕಿ ಹಾಕಿ ಪರೀಕ್ಷಿಸಿದೆ, ಸರಿಯಾಯಿತು. ನಿಜವಾದ ಉತ್ತರವನ್ನು ಇಬ್ಬರ ಎದುರಿಗೇ ನೋಡುವುದೆಂದು ಮಾತಾಗಿತ್ತು. ಸುಮ್ಮನಿರಬೇಕಲ್ಲ? ನನ್ನ ಜಾಣತನವನ್ನೆಲ್ಲ ಅಪ್ಪನ ಮುಂದೆ ಕೊಚ್ಚಿಕೊಂಡೆ.

ಭಾನುವಾರ ಫೈಲನ್ನು ಫೋನಿಗೆ ಹಾಕಿ, ಜಗಲಿಯಲ್ಲಿ ಇಬ್ಬರ ನಡುವೆ ಕೂತು ಗುಂಡಿ ಒತ್ತಿದೆ. ಪುಟ್ಟ ಪರದೆಯ ಮೇಲೆ ಬಂದದ್ದು ಮಾವ ಹೇಳಿದ ವರ್ಷ! ಮಾವ ಎದ್ದು ಕುಣಿದರು. ಅಪ್ಪ ನೇರ ಬಚ್ಚಲಿಗೆ ಹೋದರು. ಹೊರಗೆ ಬಂದಾಗ ಮೀಸೆ ಇರಲಿಲ್ಲ. "ಅಯ್ಯೋ ಶಿವನೇ!" ಎಂದು ಅಮ್ಮ ತಲೆ ಚಚ್ಚಿಕೊಂಡರು. ನನಗೆ ಅಳುವೇ ಬಂತು.

ಮಾವ ಹೋದ ಮೇಲೆ ಫೈಲು ತೆರೆದರೆ ಶ್ರೀ ನಾಪತ್ತೆ.

"ಅಪ್ಪ, ಶ್ರೀ ಎಲ್ಲಿ?"

"ನಿನ್ನೆ ಕಂಪ್ಯೂಟರಲ್ಲಿ ಆ ಸಾಲನ್ನೇ ನಾನು ಅಳಿಸ್ದೆ. ಓದದೆ ಬಿಟ್ಟುಹೋಗೋದಾದ್ರೆ ಅದನ್ನ ಅಲ್ಲಿಟ್ಟು ಯಾಕೆ ಅವಮಾನ ಮಾಡೋದು?"

ಶ್ರೀ ಹೋದ ಮೇಲೆ ಮೊದಲ ಸಾಲು ನಾನು ಹುಟ್ಟಿದ ವರ್ಷದ್ದು. ಹೇಳಿದ ಮಾತು ಕೇಳುವ ಆ್ಯಪ್ ಅದನ್ನೇ ಬಿಟ್ಟು ಓದಿತ್ತು. ಮತ್ತೆ ಶ್ರೀ ಬರೆದು ಒತ್ತಿದೆ. ನನ್ನ ವರ್ಷ ಹದಿನಾಲ್ಕು ಇಂಚು ಹೆಚ್ಚಾಗಿ ಮೇಲೆ ಬಂತು. ಸಂಜೆ ಮಾವನನ್ನು ಕರೆಸಿ ತೋರಿಸಿದೆವು. ಅವರು ಫೋನು ನೋಡಿದರು, ಅಪ್ಪನ ಬೋಳು ತುಟಿ ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸೋತೆ ಮಾರಾಯ. ಆದ್ರೆ ಅದನ್ನ ಇನ್ನು ಅಂಟಿಸ್ಲಿಕ್ಕೆ ಆಗ್ತದಾ?"

ಮರುದಿನ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಅಪ್ಪನನ್ನು ಕಂಡು ಗಾಬರಿಯಾದರು. ನಮ್ಮವರು ಮೀಸೆ ತೆಗೆಸುವುದು ಮನೆಯಲ್ಲಿ ಸಾವಾದಾಗ.

"ಅಯ್ಯೋ, ಯಾರು ಹೋದ್ರು?" ಎಂದರು.

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಇವಳು ಹುಟ್ಟಿದ ವರ್ಷ ಹೋಗಿತ್ತು ಮಾರಾಯ್ರೆ. ಪುಣ್ಯಕ್ಕೆ ಸಂಜೆಯೊಳಗೆ ವಾಪಸ್ ಬಂತು."